ಕಾಕಾನ ಶುಗರ್ ಮಷೀನು

ನಮ್ಮ ಕಾಕಾನ ಮನೆಗೆ ಹೋಗಿ ರಕ್ತ ಕೊಡದೆ ವಾಪಸು ಬಂದವರು ಇಡೀ ಹುಬ್ಬಳ್ಳಿಯಲ್ಲಿ ಯಾರಾದರೂ ಇದ್ದರೆ ತೋರಿಸಿ, ಅವರಿಗೆ ಕೈಮುಗಿಯುತ್ತೇನೆ! ಹಾಲು ಹಾಕುವವನಿಂದ ಹಿಡಿದು ಕರೆಂಟು ಬಿಲ್ಲು ಕೊಡುವವನವರೆಗೆ ಎಲ್ಲರ ಬೆರಳಿಗೂ ಕಾಕಾ ಸೂಜಿ ತಾಗಿಸಿದ್ದಾನೆ. ಹಾಗಂತ ಅವನು ಡಾಕ್ಟರೂ ಅಲ್ಲ, ಕಂಪೌಂಡರೂ ಅಲ್ಲ. ಹತ್ತಿ ವ್ಯಾಪಾರಿ. ಅವನಿಗೆ ಸಕ್ಕರೆ ಕಾಯಿಲೆ ಬಂದಾಗ, ಮನೆಯಲ್ಲೇ ನೋಡಿಕೊಳ್ಳಲಿ ಎಂದು ಡಾಕ್ಟರು ಅಂಗೈಯಗಲದ ಶುಗರ್ ಮಷೀನು ತರಿಸಿಕೊಟ್ಟಿದ್ದೇ ತಪ್ಪಾಯಿತು. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತಿದು. ಅದುವರೆಗೆ ರಕ್ತಪರೀಕ್ಷೆ ಎಂದರೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿನ ಮುಂದೆ ಕೂತು, ಸಂಜೆ ಮತ್ತೆ ರಿಪೋರ್ಟಿಗೆ ಅಲೆಯುವ ಕೆಲಸ. ಈಗ ಕಾಕಾ ಪಲ್ಲಂಗದ ಮೇಲೆ ಕೂತಲ್ಲೇ ಲ್ಯಾಬು! ತನ್ನದನ್ನು ನೋಡಿ ನೋಡಿ ಬೇಸರವಾಯಿತೋ ಏನೋ, ಊರಿನದನ್ನು ನೋಡತೊಡಗಿದ. ಸೂಜಿ ಮಾತ್ರ ಪ್ರತಿ ಸಲವೂ ಹೊಸದು, ಅದರಲ್ಲಿ ಬಹಳ ಕಟ್ಟುನಿಟ್ಟು.

ಅವನ ಪದ್ಧತಿಯೇ ಬೇರೆ. ಪೇಟೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು, ಯಾರಿಗೂ ಕಾಣದಂತೆ ದರ ಕುದುರಿಸುತ್ತಾರಲ್ಲ, ಹಾಗೆ ಕಾಕಾ ಬಂದವರ ಕೈಮೇಲೆ ಟವೆಲ್ಲು ಹೊದಿಸುತ್ತಿದ್ದ. "ಈ ವರ್ಷ ಹತ್ತಿ ಹೆಂಗ್ರಿ?" ಎನ್ನುತ್ತಿದ್ದ. ಎದುರಿನವರು ಪಾಪ, ರೂಢಿಯಂತೆ ಬೆರಳು ಮುಂದೆ ಮಾಡುವುದರೊಳಗೆ ಚುಚ್ಚು! ಅವರು "ಅಯ್ಯಯ್ಯೋ!" ಎಂದು ಚೀರುತ್ತಿದ್ದರೆ ಇವನು ಹನಿಯನ್ನು ಮಷೀನಿನ ಪಟ್ಟಿಗೆ ಮುಟ್ಟಿಸಿ, ಕನ್ನಡಕ ಏರಿಸಿ ತೀರ್ಪು ಕೊಡುತ್ತಿದ್ದ: "ನೂರಾ ಹತ್ತು. ಮಾಲು ಛಲೋ ಐತಿ!" ಒಂದು ಚಿಟಿಕೆ ಹತ್ತಿ ಎಳೆದು ಇಡೀ ಮೂಟೆಯ ಗುಣ ಹೇಳುವವನಿಗೆ, ಮನುಷ್ಯನನ್ನು ಅಳೆಯಲು ಒಂದು ಹನಿ ಸಾಲದೇ? ಕೊನೆಕೊನೆಗೆ ಶಿರಗುಪ್ಪಿಯಿಂದ ಹತ್ತಿ ತರುವ ರೈತರು ಕಾಕಾನ ಅಂಗಡಿಗೆ ಎರಡೂ ಕೈ ಕಿಸೆಯಲ್ಲಿಟ್ಟುಕೊಂಡೇ ಬರತೊಡಗಿದರು.

ನನ್ನ ತಂಗಿಯನ್ನು ನೋಡಲು ಅಮ್ಮಿನಬಾವಿಯವರು ಬಂದಾಗ ನಾವೇ ಆ ಮಷೀನನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದೆವು. ಕಾಕಾ ಬಿಟ್ಟಾನೆಯೇ? ಅದು ಹೇಗೆ ತೆಗೆದನೋ! ಹುಡುಗನ ತಂದೆ ಸಿಹಿ ಶಿರಾದ ತಟ್ಟೆಗೆ ಕೈ ಹಾಕುವ ಮೊದಲೇ ಆ ಕೈ ಟವೆಲ್ಲಿನ ಕೆಳಗಿತ್ತು.

"ಎರಡ ನೂರಾ ಅರವತ್ತೈತ್ರಿ ಬೀಗರ. ಶಿರಾ ಮುಟ್ಟಬ್ಯಾಡ್ರಿ" ಎಂದವನೇ ಅವರ ಮುಂದಿನ ತಟ್ಟೆ ಎತ್ತಿಕೊಂಡುಬಿಟ್ಟ!

ನಮ್ಮಪ್ಪನ ಮುಖ ನೋಡಬೇಕಿತ್ತು. ಸಂಬಂಧ ಮುರಿದೇ ಹೋಯಿತು ಎಂದುಕೊಂಡೆವು. ಆದರೆ ಆ ಮನುಷ್ಯ ಧಾರವಾಡದಲ್ಲಿ ಡಾಕ್ಟರಿಗೆ ತೋರಿಸಿದರೆ ಕಾಕಾ ಹೇಳಿದ್ದು ನಿಜವೇ ಆಗಿತ್ತು. ಆಮೇಲೆ ಹೇಳಿಕಳಿಸಿದರು: "ಹುಡುಗಿ ಪಸಂದ ಐತ್ರಿ. ಆದ್ರ ಲಗ್ನದಾಗ ನಿಮ್ಮ ಕಾಕಾನ್ನ ನನ್ನ ಬಾಜೂಕ ಕುಂದ್ರಸಬ್ಯಾಡ್ರಿ!"

ಇನ್ನು ನಾಗರಪಂಚಮಿಯ ಹಿಂದಿನ ದಿನದ ಕಥೆ. ಕಾಕಾನ ಹೆಂಡತಿ, ನಮ್ಮ ಕಾಕು, ಒಲೆಯ ಮುಂದೆ ಉಂಡಿ ಕಟ್ಟುತ್ತ ಕೂತಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ. ನಾನು ರುಚಿ ನೋಡುವ ಘನಕಾರ್ಯಕ್ಕೆ ಹಾಜರಿದ್ದೆ. ನೀರಿಗೆಂದು ಎದ್ದ ಕಾಕು ಗೋಡೆ ಹಿಡಿದು ನಿಂತು, "ಯಾಕೋ ತಲಿ ಗಿರ್ ಅಂತೈತಿ ನೋಡ" ಎಂದಳು. ಪಡಸಾಲೆಯಲ್ಲಿದ್ದ ಕಾಕಾನಿಗೆ ಅಷ್ಟೇ ಸಾಕು, ಮಷೀನು ಅಡುಗೆಮನೆಯ ಹೊಸ್ತಿಲವರೆಗೆ ಬಂತು. ಕಾಕು ಕೈಯನ್ನು ಸೆರಗಿಗೆ ಒರೆಸಿಕೊಂಡು ಬೆರಳು ಚಾಚಿದಳು.

ನಾನೂರಾ ಎಂಬತ್ತು!

ಕಾಕಾನ ಮುಖ ಬಿಳಿಚಿಕೊಂಡಿತು. ಇನ್ನೊಂದು ಬೆರಳು ನೋಡಿದ. ಅದು ಇನ್ನೂ ಜಾಸ್ತಿ! ಮಷೀನು ಕೆಟ್ಟಿರಬೇಕೆಂದು ತನ್ನ ಬೆರಳನ್ನೇ ಚುಚ್ಚಿಕೊಂಡ. ಯಾವಾಗಿನಂತೆ ನೂರಾ ಐವತ್ತು. ಅಲ್ಲಿಗೆ ಮಷೀನು ನೆಟ್ಟಗಿದೆ, ಕೆಟ್ಟದ್ದು ಕಾಕುವಿನ ಹಣೆಬರಹ ಎಂದಾಯಿತು. ನಾನು ಓಡಿ ಆಟೋ ತಂದೆ.

ದಾರಿಯುದ್ದಕ್ಕೂ ಕಾಕುವಿಗೆ ಬಿಟ್ಟುಬಂದ ಪಾಕದ್ದೊಂದೇ ಚಿಂತೆ. "ಬೆಲ್ಲದ ಆಣ ಗಟ್ಟಿ ಆಕ್ಕೈತ್ರಿ. ಆಮ್ಯಾಲ ಉಂಡಿ ಕಟ್ಟಾಕ ಬರೂದಿಲ್ಲ!" ಊರಿಗೆಲ್ಲ ಅಂಕಿ ಒದರುತ್ತಿದ್ದ ಕಾಕಾ ಮಾತ್ರ ತುಟಿ ಬಿಚ್ಚಲಿಲ್ಲ. ಅವನು ಅಷ್ಟು ಸುಮ್ಮನಿದ್ದದ್ದನ್ನು ಕಂಡೇ ನನಗೆ ಹೆದರಿಕೆಯಾಯಿತು. ಕಾಕು ನಮ್ಮ ಕೈಬಿಟ್ಟು ಹೋದರೆ ಎಂದು ಯೋಚಿಸಲೂ ಧೈರ್ಯವಾಗಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಕಾಕುವನ್ನು ಮಲಗಿಸಿ, ನಾಡಿ ಹಿಡಿದು ಕೇಳಿದರು: "ಏನ್ ಮಾಡಾಕತ್ತಿದ್ರಿ ಅವ್ವಾರ?"

"ಉಂಡಿ ಕಟ್ಟಾಕತ್ತಿದ್ದೆರಿ."

ಡಾಕ್ಟರು ಅವಳ ಅಂಗೈ ತಿರುಗಿಸಿ ನೋಡಿದರು. ಬೆರಳುಗಳೆಲ್ಲ ಇನ್ನೂ ಅಂಟಂಟು. "ಮೊದಲ ಸಾಬಾಣ ಹಚ್ಚಿ ಕೈ ತೊಳ್ಕೊಂಡ ಬರ್ರಿ" ಎಂದರು. ತೊಳೆದು ಒರೆಸಿಕೊಂಡು ಬಂದ ಮೇಲೆ, ಮಂಚದ ಪಕ್ಕದಲ್ಲಿದ್ದ ಅವರದೇ ಪುಟ್ಟ ಮಷೀನಿನಲ್ಲಿ ನೋಡಿದರೆ ತೊಂಬತ್ತೆಂಟು! ತೋಳಿನಿಂದ ರಕ್ತ ತೆಗೆದು ಲ್ಯಾಬಿಗೂ ಕಳಿಸಿದರು. ಅಲ್ಲಿಂದಲೂ ಅದೇ ಬಂತು.

"ಮುಂಜಾನಿಂದ ಏನೂ ತಿನ್ನದ ಒಲಿ ಮುಂದ ಕುಂತಾರ, ಅದಕ್ಕ ತಲಿ ತಿರಗೇತಿ. ಊಟಾ ಮಾಡಿಸ್ರಿ" ಎಂದ ಡಾಕ್ಟರು, ಕಾಕಾನ ಕಡೆ ತಿರುಗಿ ನಗತೊಡಗಿದರು. "ಸಾವಕಾರ್ರ, ನೀವು ನೋಡಿದ್ದು ಇವರ ಶುಗರ್ ಅಲ್ರಿ, ಬೆಲ್ಲದ ಶುಗರ್!"

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಾನೂ ಕಾಕುವೂ ಆಟೋದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಕಾ ನಗಲಿಲ್ಲ.

ಊಟ ಮುಗಿಸಿ ಕಾಕು ಮತ್ತೆ ಒಲೆಯ ಮುಂದೆ ಕೂತಳು. ಆಣವನ್ನು ಹೊಸದಾಗಿ ಕಾಸಿ ಉಳಿದ ಉಂಡಿ ಕಟ್ಟಿದಳು. ಅಷ್ಟರಲ್ಲಿ ಅಡುಗೆಮನೆಯ ಹೊಸ್ತಿಲು ದಾಟಿಯೇ ಗೊತ್ತಿಲ್ಲದ ಕಾಕಾ, ಒಂದು ತಂಬಿಗೆ ಬಿಸಿನೀರು ಹಿಡಿದು ಬಂದ. ಮೊಣಕಾಲು ಹಿಡಿದುಕೊಂಡು ಅವಳ ಮುಂದೆ ನೆಲದ ಮೇಲೆ ಕೂತ.

"ಮತ್ತ ಚುಚ್ಚತೀರೇನ್ರಿ?"

ಕಾಕಾ ಅವಳ ಕೈಯನ್ನು ಖಾಲಿ ಪರಾತದ ತಟ್ಟೆಯ ಮೇಲೆ ಹಿಡಿದು, ನೀರು ಹನಿಸುತ್ತ, ಒಂದೊಂದೇ ಬೆರಳಿನ ಬೆಲ್ಲ ತೊಳೆಯತೊಡಗಿದ. ಸೂಜಿ ಚುಚ್ಚಿದ್ದ ಬೆರಳು ಬಂದಾಗ ಅದನ್ನು ತನ್ನ ಟವೆಲ್ಲಿನಿಂದ ಮೆಲ್ಲಗೆ ಒರೆಸಿದ.

"ಆಟೋದಾಗ ಕುಂತಾಗ, ನೀ ಇಲ್ಲದ ಈ ಮನಿ ಒಮ್ಮೆ ಕಣ್ಣ ಮುಂದ ಬಂದ್ ಹೋತು ನೋಡ" ಎಂದ.

ಕಾಕು ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ನಾಚಿಕೊಂಡಳು. "ಕೈ ಬಿಡ್ರಿ, ಅಂವಾ ನೋಡಾಕತ್ತಾನ."

"ನೋಡ್ಲಿ ಬಿಡ" ಎಂದ ಕಾಕಾ.