ಇಂಗ್ಲಿಷಿನಲ್ಲಿ ಹೊತ್ತಾಯಿತು ಅನ್ನುವುದು

ಸ್ಟೋರ್‌ಕೀಪರ್ ಎರಡು ಕಪ್ಪುಗಳನ್ನು ತೊಳೆದು, ಬಟ್ಟೆಯಿಂದ ಒರೆಸಿ, ತಟ್ಟೆಯ ಮೇಲೆ ಬೋರಲು ಹಾಕುತ್ತಿದ್ದ.  ಅವನ ಹಿಂದೆ ಕುರ್ಚಿಯಲ್ಲಿ ಒಬ್ಬ ಇಂಗ್ಲಿಷಿನವನು ಕೂತಿದ್ದ. ಇಬ್ಬರೂ ಆಗಾಗ ಗೋಡೆಯ ಗಡಿಯಾರ ನೋಡುತ್ತಿದ್ದರು. ಒಬ್ಬರ ಕಣ್ಣಿಗೆ ಒಬ್ಬರು ಬಿದ್ದಾಗ ನಗುತ್ತಿದ್ದರು.

ತಕ್ಕಡಿ ಮಾಡುವ ಆ ಕಾರ್ಖಾನೆಗೆ ಹೊಸ ಯಂತ್ರ ಬರುವುದಿತ್ತು. ಅದನ್ನು ಕೂರಿಸಲು, ಒಂದು ವರ್ಷ ಇಲ್ಲೇ ಇರಲು ಬಂದ ಎಂಜಿನಿಯರ್ ಇವನು. ಊಟದ ಹೊತ್ತಿಗೆ ಯಜಮಾನರಿಗೆ ಹಲ್ಲುನೋವು ಕಾಣಿಸಿಕೊಂಡಿತು. ಕೆನ್ನೆ ಹಿಡಿದುಕೊಂಡೇ ಅವರು ಸ್ಟೋರ್‌ಕೀಪರನನ್ನು ಕರೆದು, "ಇವರನ್ನ ನೋಡ್ಕೋ. ಎದ್ದು ಹೋಗಿ ಅಂತ ಮಾತ್ರ ಅನ್ನಬೇಡ. ಬೇಜಾರು ಮಾಡ್ಕೊಂಡ್ರೆ ಯಂತ್ರ ಪೆಟ್ಟಿಗೇಲೇ ಕೊಳೆಯುತ್ತೆ" ಎಂದು ಹೇಳಿ ಹೋದರು.

ಸ್ಟೋರ್‌ಕೀಪರ್ "ಹೂಂ" ಅಂದ. ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದುದರಿಂದ ಎಲ್ಲರೂ ಅವನನ್ನು ಹೂಂಗುಟ್ಟಣ್ಣ ಎಂದೇ ಕರೆಯುತ್ತಿದ್ದರು.

ಆದರೆ ಅವನಿಗೆ ಆ ದಿನ ಬೇಗ ಹೊರಡಲೇಬೇಕಿತ್ತು. ಹೆಂಡತಿಯ ಅಣ್ಣನ ಮನೆಯ ಒಂದೇ ಕೋಣೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು ಮತ್ತು ಅವನು ಇದ್ದು ಎರಡು ವರ್ಷವಾಗಿತ್ತು. ಬೆಳಗಾದರೆ ಬಚ್ಚಲಿನ ಬಾಗಿಲಲ್ಲಿ ಆ ಅಣ್ಣ ಟವೆಲ್ ಹೆಗಲಿಗೆ ಹಾಕಿಕೊಂಡು ಕೆಮ್ಮುವ ಕೆಮ್ಮು ಅವನ ಕನಸಿನಲ್ಲೂ ಕೇಳುತ್ತಿತ್ತು. ಕೊನೆಗೂ ಹಿಂದೆ ಸಾಮಾನಿನ ಕೋಣೆಯೂ ಇದ್ದ ಒಂದು ಬಾಡಿಗೆ ಮನೆ ಸಿಗುವಂತಿತ್ತು. ಮನೆಯೊಡತಿ ಖಡಾಖಂಡಿತವಾಗಿ ಹೇಳಿದ್ದಳು: "ಇನ್ನೊಬ್ರೂ ಕೇಳಿದಾರೆ. ಇವತ್ತು ಸಂಜೆ ಯಾರು ಮೊದಲು ಬಂದು ನಿಲ್ತಾರೋ ಅವರ ಕೈಗೆ ಬೀಗದ ಕೈ. ಆರರ ಮೇಲೆ ಬಂದ್ರೆ ಬಾಗಿಲು ತೆಗೆಯಲ್ಲ." ಹೆಂಡತಿಯದು ರಾತ್ರಿಯವರೆಗೆ ಪಾಳಿ. "ಬೀಗದ ಕೈ ತರದೆ ಬಂದ್ರೆ ನೀವೇ ನಮ್ಮಣ್ಣನ ಹತ್ರ ಮಾತಾಡಿ" ಎಂದು ಹೇಳಿ ಕೆಲಸಕ್ಕೆ ಹೋಗಿದ್ದಳು.

ನಾಲ್ಕು ಗಂಟೆ ದಾಟಿತು. ಹೂಂಗುಟ್ಟಣ್ಣ ಮೆಲ್ಲಗೆ ಪ್ಯಾಕಿಂಗ್ ಕೋಣೆಗೆ ಜಾರಿದ.

"ಅಕ್ಕಾ, ಇವನನ್ನ ಏಳಿಸೋದು ಹೇಗೆ?"

ಪ್ಯಾಕಿಂಗ್ ಅಕ್ಕ ರಟ್ಟಿನ ಪೆಟ್ಟಿಗೆಗೆ ಟೇಪ್ ಎಳೆಯುತ್ತಾ, "ಹೊತ್ತಾಯ್ತು ಅನ್ನು. ನಮ್ಮಲ್ಲಿ ಅಷ್ಟು ಅಂದ್ರೆ ಬಂದವರು ಚಪ್ಪಲಿ ಹುಡುಕ್ತಾರೆ. ಏನಕ್ಕೆ ಹೊತ್ತಾಯ್ತು ಅಂತ ಯಾರಾದ್ರೂ ಕೇಳ್ತಾರಾ?" ಅಂದಳು.

"ಇಂಗ್ಲಿಷಲ್ಲಿ ಹಾಗೆ ಅರ್ಧಕ್ಕೆ ಬಿಡಂಗಿಲ್ಲ" ಎಂದು ಟೈಪಿಸ್ಟ್ ಪಕ್ಕದ ಕೋಣೆಯಿಂದಲೇ ಬಾಯಿ ಹಾಕಿದ. ಕಾರ್ಖಾನೆಯ ಇಂಗ್ಲಿಷೆಲ್ಲ ಅವನ ಬೆರಳ ತುದಿಯಲ್ಲಿತ್ತು, ನಾಲಿಗೆಗೆ ಮಾತ್ರ ಬರುತ್ತಿರಲಿಲ್ಲ. "ಇಟ್ ಈಸ್ ಟೈಮ್ ಫಾರ್ ಅಂತ ಶುರು ಮಾಡಿ, ಯಾವುದಕ್ಕೆ ಅಂತ ಕೊನೇಲಿ ಹೇಳಬೇಕು."

"ನೀವೇ ಬಂದು ಹೇಳಿ ಸಾರ್."

"ನನಗೆ ಕಾಗದ ಇದೆಯಪ್ಪ" ಎಂದು ಟೈಪಿಸ್ಟ್ ಟಪಟಪ ಶುರುಮಾಡಿದ.

ಹೂಂಗುಟ್ಟಣ್ಣ ಹೋಗಿ ಎಂಜಿನಿಯರನ ಮುಂದೆ ನಿಂತ. ಗಂಟಲು ಸರಿಮಾಡಿಕೊಂಡ. "ಇಟ್ ಈಸ್ ಟೈಮ್ ಫಾರ್..." ಇಂಗ್ಲಿಷಿನವನು ಆಸೆಯಿಂದ ಅರ್ಧ ಎದ್ದ. ಯಜಮಾನರ ಊದಿದ ಕೆನ್ನೆ ಕಣ್ಣ ಮುಂದೆ ಬಂದು ಹೂಂಗುಟ್ಟಣ್ಣನ ಧೈರ್ಯ ಬಿಸಿ ಹಾಲಿನ ಕೆನೆಯಂತೆ ಮುದುಡಿತು.

"...ಟೀ."

"ಓ, ಲವ್ಲಿ" ಎಂದು ಅವನು ಮತ್ತೆ ಕೂತ.

ಟೀ ಆಯಿತು. ಎರಡನೇ ಸಲ ಎದೆ ಗಟ್ಟಿಮಾಡಿಕೊಂಡು ಹೋದಾಗ ಬಾಯಿಂದ ಬಂದದ್ದು ಸ್ಟೋರು. ಆ ಮನುಷ್ಯ ಪಾಪ ಎದ್ದು ಬಂದು ಮೊಳೆ, ಸ್ಪ್ರಿಂಗು, ತೂಕದ ಕಲ್ಲುಗಳ ಸಾಲನ್ನೆಲ್ಲ ನೋಡಿ, ಒಂದೊಂದಕ್ಕೂ ತಲೆಯಾಡಿಸಿದ. ಮೂರನೇ ಸಲ ಬಂದದ್ದು ಫೋಟೋ. ಕೆಲಸದವರೆಲ್ಲ ಕೈ ತೊಳೆದು, ತಲೆ ಬಾಚಿ, ಎತ್ತರದವರು ಹಿಂದೆ, ಗಿಡ್ಡದವರು ಮುಂದೆ ನಿಂತರು. ಪ್ಯಾಕಿಂಗ್ ಅಕ್ಕ ಕಣ್ಣು ಮುಚ್ಚಿಬಿಟ್ಟಳೆಂದು ಇನ್ನೊಂದು ತೆಗೆದದ್ದಾಯಿತು.

ಐದು ಹೊಡೆದು ಎಷ್ಟೋ ಹೊತ್ತಾಗಿತ್ತು.

"ಈಗ ಏನು ಗತಿ ಸಾರ್?" ಹೂಂಗುಟ್ಟಣ್ಣನ ದನಿ ಅಳುವಿನ ಅಂಚಿಗೆ ಬಂದಿತ್ತು.

ಟೈಪಿಸ್ಟ್ ಕನ್ನಡಕ ತೆಗೆದ. "ಹಾಗಾದ್ರೆ ಖಾರವಾದ್ದು ಒಂದಿದೆ. ಇಟ್ ಈಸ್ ಟೈಮ್ ಯೂ ವೆಂಟ್."

"ವೆಂಟ್ ಅಂದ್ರೆ ಹೋದ ಅಂತಲ್ವಾ? ಅಲ್ಲೇ ಕೂತಿದಾನಲ್ಲ!"

"ಅವರಲ್ಲಿ ಹಾಗೇ. ಮೊದಲು ಮಾತಲ್ಲಿ ಕಳಿಸಿಬಿಡ್ತಾರೆ, ಆಮೇಲೆ ಅವನು ಕಾಲಲ್ಲಿ ಹೋಗ್ತಾನೆ."

"ಎಷ್ಟು ಮರ್ಯಾದಸ್ಥರು! ಬಂದವರನ್ನ ಬೈದೇ ಕಳಿಸೋ ನಮ್ಮ ಭಾವನಿಗೂ ಇದನ್ನ ಕಲಿಸಬೇಕು" ಎಂದು ಪ್ಯಾಕಿಂಗ್ ಅಕ್ಕ ಹೊಗಳಿದಳು.

ಹೂಂಗುಟ್ಟಣ್ಣ ಕಣ್ಣು ಮುಚ್ಚಿ, ಕಹಿ ಔಷಧಿ ಗುಟುಕರಿಸುವವನಂತೆ ಒಂದೇ ಉಸಿರಿಗೆ ಹೇಳಿದ. ಕಣ್ಣು ಬಿಟ್ಟಾಗ ಇಂಗ್ಲಿಷಿನವನು ಎದ್ದು ನಿಂತಿದ್ದ. ಕೋಪವಿಲ್ಲ. ಬದಲಿಗೆ ಇವನ ಎರಡೂ ಕೈ ಹಿಡಿದು ಕುಲುಕಿ, ಚೀಲವನ್ನೆತ್ತಿಕೊಂಡು, ಬೆಲ್ಲು ಹೊಡೆದಾಗ ಶಾಲೆಯಿಂದ ಮಕ್ಕಳು ಓಡುವಂತೆ ಹೊರಗೆ ಕಾದಿದ್ದ ಕಾರ್ಖಾನೆಯ ಕಾರಿನ ಕಡೆ ಧಾವಿಸಿದ.

ಹೂಂಗುಟ್ಟಣ್ಣನಿಗೆ ಆನೆಬಲ ಬಂತು. ತಾನೇ ಓಡಿ ಕಾರಿನ ಬಾಗಿಲು ತೆಗೆದ, ತಾನೇ ಹಾಕಿದ. ಎಲ್ಲಿ ಮನಸ್ಸು ಬದಲಾಯಿಸಿ ಇಳಿದುಬಿಡುತ್ತಾನೋ ಎಂಬ ಭಯ. "ದೊಡ್ಡ ರಸ್ತೇಲಿ ಜಾಮ್ ಆಗಿರುತ್ತಪ್ಪ, ಮರದ ಡಿಪೋ ಹಿಂದಿನ ದಾರೀಲಿ ಬಿಡು, ಬೇಗ ಮುಟ್ತೀರಾ" ಎಂದು ಡ್ರೈವರನಿಗೆ ಹೇಳಿದ.

"ನೀನಲ್ಲದೆ ಇದನ್ನ ಯಾರು ಹೇಳ್ಬೇಕಣ್ಣ" ಎಂದು ಡ್ರೈವರ್ ಗಾಡಿ ಓಡಿಸಿದ.

ಹೂಂಗುಟ್ಟಣ್ಣ ಸೈಕಲ್ ಹತ್ತಿದ. ಮಂಡಿ ಹ್ಯಾಂಡಲ್ಲಿಗೆ ತಾಗುವಂತೆ ತುಳಿದ. ಮನೆಯೊಡತಿಯ ಬೀದಿಗೆ ತಿರುಗಿದಾಗ ಅಂಗಡಿಯ ಗಡಿಯಾರದಲ್ಲಿ ಆರಕ್ಕೆ ಇನ್ನೂ ಐದು ನಿಮಿಷ ಬಾಕಿ. ಗೆದ್ದೆ ಅಂದುಕೊಂಡ.

ಗೇಟಿನ ಮುಂದೆ ಕಾರ್ಖಾನೆಯ ಕಾರು ನಿಂತಿತ್ತು.

ಮೆಟ್ಟಿಲ ಮೇಲೆ ಇಂಗ್ಲಿಷಿನವನು ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ನಿಂತಿದ್ದ. ಇವನನ್ನು ಕಂಡದ್ದೇ ಮುಖ ಅರಳಿತು. ಮನೆಯೊಡತಿ ಮಾತ್ರ ಕನಿಕರದಿಂದ ನೋಡಿದಳು.

"ಅಯ್ಯೋ, ಒಂಚೂರು ಮುಂಚೆ ಬರಬಾರದಿತ್ತೇನಪ್ಪ? ಇವರು ಬಂದು ಎರಡು ನಿಮಿಷ ಆಗಿಲ್ಲ. ನಾಲ್ಕು ಗಂಟೆಗೇ ಬರಬೇಕಿತ್ತಂತೆ, ಡ್ರೈವರ್ ಹೇಳಿದ. ಯಾವನೋ ಪುಣ್ಯಾತ್ಮ ಟೀ ಕುಡಿಸ್ತಾ, ಮೊಳೆ ತೋರಿಸ್ತಾ ಬಿಡಲೇ ಇಲ್ವಂತೆ. ಅವನು ಇನ್ನೊಂದು ಕಪ್ ಕುಡಿಸಿದ್ರೆ ಮನೆ ನಿಮಗೇ ಆಗ್ತಿತ್ತು."

ಡ್ರೈವರ್ ಕಾರಿನ ಗಾಜು ಒರೆಸುವುದರಲ್ಲಿ ಮುಳುಗಿಹೋದ.

ಹೂಂಗುಟ್ಟಣ್ಣ ಸೈಕಲ್ಲಿನಿಂದ ಇಳಿಯಲೂ ಇಲ್ಲ. ಒಂದು ಕಾಲು ನೆಲಕ್ಕೆ ಊರಿ ನಿಂತ. ಮನೆಯೊಡತಿ ಆಗಲೇ ಹೊಸ ಬಾಡಿಗೆಯವನಿಗೆ ನಲ್ಲಿಯನ್ನು ಯಾವ ಕಡೆ ತಿರುಗಿಸಬೇಕೆಂದು ಕೈಸನ್ನೆಯಲ್ಲಿ ತೋರಿಸುತ್ತಾ ಒಳಗೆ ನಡೆದಿದ್ದಳು.

"ಅಮ್ಮಾ," ಎಂದ ಅವನು, "ಹಿಂದಿನ ಸಾಮಾನಿನ ಕೋಣೆ ಒಂದನ್ನಾದ್ರೂ ನಮಗೆ ಕೊಡ್ತೀರಾ?"

ಒಳಗೆ ನಲ್ಲಿಯ ನೀರು ಬಿಟ್ಟ ಸದ್ದು ಕೇಳಿಸಿತು.