ನನ್ನ ವಾರಗಿತ್ತಿ ತೊಟ್ಟ ಮುಖಗಳು

ನನ್ನ ವಾರಗಿತ್ತಿಗೆ ಸ್ವಂತದ್ದು ಅಂತ ಒಂದು ಮುಖ ಇಲ್ಲ. ನಾನು ಸುಳ್ಳು ಹೇಳೂದಿಲ್ಲ. ನನ್ನ ಮೈದುನನ ಹೆಂಡತಿಯಾಗಿ ಪುಣೆಗೆ ಬಂದಾಗಿನಿಂದ ಆಕಿ ನಾನು ಒಂದೇ ಮನಿಯೊಳಗ ಇದ್ದೀವಿ. ಒಂದೇ ಒಲಿ, ಒಂದೇ ಬಚ್ಚಲ. ಆದರೂ ನಾಳೆ ಪೊಲೀಸರು ಬಂದು "ಆಕಿ ಹ್ಯಾಂಗ ಕಾಣ್ತಾಳ?" ಅಂತ ಕೇಳಿದರ ನಾನು ಏನು ಹೇಳಲಿ? "ಯಾವ ವಾರದ್ದು ಬೇಕ್ರಿ ಸಾಹೇಬ್ರ?" ಅಂತ ತಿರುಗಿ ಕೇಳಬೇಕಾಗ್ತದ!

ಆಕಿಗೆ ಸಿನಿಮಾ ನಟಿಯರ ಹುಚ್ಚು. ಅವರನ್ನ ನೋಡೂ ಹುಚ್ಚು ಅಲ್ಲ, ಅವರೇ ಆಗೂ ಹುಚ್ಚು. ಮೊಬೈಲದಾಗ ಒಬ್ಬಾಕಿ ನಟಿ ಏನರೆ ಉಟ್ಟು ತೊಟ್ಟು ನಿಂತದ್ದು ಕಂಡರ ಸಾಕು, ಆ ವಾರ ಮುಗಿಯೂದ್ರೊಳಗ ಆ ನಟಿ ನಮ್ಮ ಅಡಗಿ ಮನಿಯೊಳಗ ನಿಂತು ರೊಟ್ಟಿ ಬಡೀತಿರತಾಳ. ಖರ್ಚೂ ಇಲ್ಲ. ತುಟಿಗೆ ಬೀಟ್‌ರೂಟ್, ಕಣ್ಣಿಗೆ ದೀಪದ ಮಸಿ, ಗಲ್ಲಕ್ಕ ಅಕ್ಕಿಹಿಟ್ಟು. ಮೂಗು ಸಣ್ಣ ಕಾಣಬೇಕು ಅಂದರ ಎರಡೂ ಬದಿಗೆ ಕಾಫಿಪುಡಿ ಕಲಸಿ ನೆರಳು ಎಳೀತಾಳ. ನಮ್ಮ ಕಿಡಕಿ ಪರದಿಗಳೆಲ್ಲಾ ಆಕಿ ಮೈಮ್ಯಾಲೆ ಒಂದೊಂದು ಸಲ ಗೌನಾಗಿ ಹೋಗಿ ಬಂದಾವ.

"ಪಾರ್ಲರಿಗೆ ಹೋಗಾಕ ನಾನೇನು ಹುಚ್ಚಿ ಏನ್ರಿ ಅಕ್ಕಾ? ಅಡಗಿ ಮನಿಯೊಳಗ ಎಲ್ಲಾ ಅದ" ಅಂತಾಳ.

ಅಡಗಿ ಮಾಡಬೇಕಂದರ ಮಾತ್ರ ಅಲ್ಲಿ ಏನೂ ಇರೂದಿಲ್ಲ. ಅದು ಬ್ಯಾರೆ ಮಾತು.

ನಗತೀರೇನು? ನಗ್ರಿ. ಆಕಿ ಬರೇ ಹೋಲಿದ್ದರ ನಾನೂ ನಗತಿದ್ದೆ. ಆಕಿ ಹೋಲೂದಿಲ್ಲ, ಆಗಿಬಿಡತಾಳ. ನಡಿಗಿ ಬದಲಾಗ್ತದ, ಕುತ್ತಿಗಿ ತಿರುಗಿಸೂದು ಬದಲಾಗ್ತದ, ನೀರು ಕುಡಿಯೂ ರೀತಿನೂ ಬದಲಾಗ್ತದ. ಸಂಜಿ ಮುಂದ ದೇವರಿಗೆ ದೀಪ ಹಚ್ಚಿ ಎದ್ದು ತಿರುಗಿದರ, ಬಾಗಿಲದಾಗ ಯಾವಾಕಿಯೋ ಗುರ್ತಿಲ್ಲದ ಹೆಂಗಸು ನನ್ನನ್ನೇ ನೋಡಕೋತ ನಿಂತಿರತಾಳ. ಆಮ್ಯಾಲೆ ಆ ಗುರ್ತಿಲ್ಲದ ಬಾಯಿಂದ ಗುರ್ತಿನ ದನಿ ಬರತದ: "ಚಹಾ ಮಾಡ್ಲೇನ್ರಿ ಅಕ್ಕಾ?" ಇಷ್ಟು ವರ್ಷ ಆದರೂ ನನ್ನ ಮೈಮ್ಯಾಲೆ ಮುಳ್ಳು ಏಳೂದು ನಿಂತಿಲ್ಲ.

ಒಮ್ಮೆ ಯಾವಾಕಿಯೋ ದೊಡ್ಡ ನಟಿ ಮದುವಿ ಆತು. ಮುಖದ ಮ್ಯಾಲೆ ತೆಳ್ಳನ ಬಿಳಿ ಮುಸುಕು, ನೆಲಕ್ಕ ಎಳದಾಡೋ ಅಷ್ಟು ಉದ್ದ. ನಮ್ಮಾಕಿ ಸುಮ್ಮನಿರತಾಳೇನು? ಸೊಳ್ಳಿ ಪರದಿ ಬಿಚ್ಚಿ, ಗಂಜಿ ಹಾಕಿ ಇಸ್ತ್ರಿ ಮಾಡಿ ತಲಿ ಮ್ಯಾಲೆ ಹೊದ್ದಳು. ಮುಖಕ್ಕ ಅಕ್ಕಿಹಿಟ್ಟು ಮೆತ್ತಿದಳು. ನಿಲುಗನ್ನಡಿ ನಮ್ಮ ಮನಿಯೊಳಗ ಇಲ್ಲ, ಕೆಳಗ ಲಿಫ್ಟಿನೊಳಗ ಅದ. ನೋಡಕೊಂಡು ಬರತೀನಿ ಅಂತ ಇಳದಳು. ಮುಚ್ಚಂಜಿ ಹೊತ್ತು, ನಮ್ಮ ಯೆರವಡಾ ಭಾಗದೊಳಗ ಆ ದಿನ ಕರೆಂಟ್ ಬ್ಯಾರೆ ಹೋಗಿ ಲಿಫ್ಟ್ ಕೆಳಗೇ ನಿಂತಿತ್ತು. ಮೆಟ್ಟಲ ಮ್ಯಾಲೆ ಬೆಳ್ಳಗ, ಕಾಲು ಕಾಣದಂಗ, ಸಪ್ಪಳ ಇಲ್ಲದ ಏನೋ ಇಳಿದು ಬರೂದನ್ನ ವಾಚ್‌ಮನ್ ನೋಡಿದ. "ಅರೆ ಬಾಪರೆ!" ಅಂದಾಂವ ಗೇಟು ತಗದು ಓಡಿಹೋದ. ಮುಂಜಾನೆ ಬಂದು ಗೇಟಿಗೆ ಲಿಂಬಿಹಣ್ಣು, ಹಸಿಮೆಣಸಿನಕಾಯಿ ಕಟ್ಟಿದ.

ಆ ಲಿಂಬಿಹಣ್ಣು ಮಧ್ಯಾಹ್ನದೊಳಗ ಮಾಯ! ಮತ್ತೂ ಹೆದರಿದ, ಪಾಪ. ನಮ್ಮಾಕಿ ಅಡಗಿ ಮನಿಯೊಳಗ ಕುಂತು ಅದನ್ನ ಮೊಣಕೈಗೆ ತಿಕ್ಕಿಕೋತಿದ್ದಳು, ಕಪ್ಪು ಹೋಗತದಂತ.

ಕೂದಲದ್ದು ಇನ್ನೂ ಕೆಟ್ಟದ್ದು. ನಮ್ಮ ಓಣಿಯೊಳಗ ಶಿರೂರು ಕಡೆ ಹೆಣ್ಣುಮಗಳೊಬ್ಬಾಕಿ ಬರತಾಳ. ಬಾಚಿದಾಗ ಉದುರಿದ ಕೂದಲು ಕೂಡಿಸಿಟ್ಟು ಕೊಟ್ಟರ ಬೋಗಾಣಿ, ತಾಟು ಕೊಡತಾಳ. ಎಲ್ಲಾ ಹೆಂಗಸರೂ ಕೂದಲು ಕೊಟ್ಟು ಬೋಗಾಣಿ ತಗೊಂಡರ, ನನ್ನ ವಾರಗಿತ್ತಿ ಬೋಗಾಣಿ ಕೊಟ್ಟು ಕೂದಲು ತಗೊಂಡಳು! ಅದನ್ನ ತೊಳದು, ಬಿಡಿಸಿ, ಸಣ್ಣ ಬಲಿ ಮ್ಯಾಲೆ ಒಂದೊಂದಾಗಿ ಹೆಣದು, ಥರ್ಮೊಕೋಲಿನ ಒಂದು ತಲಿಗೆ ತೊಡಿಸಿ ಕಪಾಟದ ಮ್ಯಾಲೆ ಇಟ್ಟಳು.

"ಯಾರ ತಲಿದ್ದೋ ಏನೋ. ಸತ್ತವರದೂ ಇರಬಹುದಲ್ಲೇ" ಅಂದೆ.

"ಸತ್ತವರ ಕೂದಲ ಉದುರೂದಿಲ್ರಿ ಅಕ್ಕಾ" ಅಂದಳು, ಬಾಚಕೋತ.

ನಾನು ಎದ್ದು ಹೊರಗ ಹೋದೆ.

ಆ ತಲಿ ಕಪಾಟದ ಮ್ಯಾಲೆ ಕುಂತಮ್ಯಾಲೆ ನಮ್ಮ ಅತ್ತಿಯವರು ಅದರ ಜೋಡಿ ಮಾತಾಡಲಿಕ್ಕೆ ಸುರು ಮಾಡಿದರು. ಅತ್ತಿಯವರ ಬಗ್ಗೆ ಹೇಳಬೇಕು. ಭಾಳ ವಯಸ್ಸಾಗೇದ. ಕಣ್ಣು ಮಬ್ಬು, ಕಿವಿ ಚುರುಕು, ಬುದ್ಧಿ ಒಮ್ಮೆ ಇರತದ, ಒಮ್ಮೆ ಇರೂದಿಲ್ಲ. ಯಾರೋ ತಮಗ ಅನ್ನದಾಗ ಏನೋ ಹಾಕಿ ಕೊಲ್ಲತಾರ ಅಂತ ತಲಿಯೊಳಗ ಹೊಕ್ಕುಬಿಟ್ಟದ. ಅದಕ್ಕ ನನ್ನ ಕೈಲೆ ಬಿಟ್ಟು ಯಾರ ಕೈಲೆನೂ ಉಣ್ಣೂದಿಲ್ಲ. ಹೆತ್ತ ಮಗ ತುತ್ತು ಹಿಡದರೂ ಹಲ್ಲಿಲ್ಲದ ಬಾಯಿ ಗಟ್ಟಿ ಮುಚ್ಚತಾರ. ನಾನು ಹೋಗಿ ಎರಡು ಬೈದರ ತೆರೀತಾರ.

"ಮ್ಯಾಲೆ ಕುಂತಾಕಿಗೂ ಒಂದು ತುತ್ತು ಕೊಡವಾ, ಹಸದಾಳಂತ" ಅಂದರು ಒಂದು ದಿನ.

"ಆಕಿ ಹೇಳಿದಳೇನ್ರಿ?"

"ಹ್ಞೂಂ. ನೀ ಹೊರಗ ಹೋದಾಗ ಹೇಳತಾಳ."

ನಾನು ಅವತ್ತಿಂದ ಆ ತಲಿ ಕಡೆ ಬೆನ್ನು ಮಾಡಿ ಕುಂತಿಲ್ಲ.

ಇಷ್ಟಾದರೂ ನಡೀತಿತ್ತು. ನಾನು ಬಿದ್ದದ್ದು ಅಗಸಿಯಿಂದ. ಅಗಸಿ ಬೀಜ ಕುದಿಸಿದರ ಲೋಳಿ ಬರತದ. ಅದನ್ನ ಕೂದಲಿಗೆ ಹಚ್ಚಿದರ ನಟಿಯರ ಕೂದಲದಂಗ ಸುರುಳಿ ನಿಲ್ಲತದಂತ. ಬಚ್ಚಲದಾಗ ಅದನ್ನ ಚೆಲ್ಲಿ ಒರಸದೇ ಬಿಟ್ಟಿದ್ದಳು. ನಾನು ಕಾಲಿಟ್ಟೆ. ಮುಂದ ಗೊತ್ತಾಗಿದ್ದು ದವಾಖಾನಿಯೊಳಗ. ಕಾಲು ಮುರದಿತ್ತು, ತಲಿ ಒಡದಿತ್ತು. ಹೊಲಿಗಿ ಹಾಕಲಿಕ್ಕೆ ತಲಿ ಪೂರಾ ಬೋಳಿಸಿದ್ದರು. ಮೂಗುಬಟ್ಟು, ಬಳಿ ಎಲ್ಲಾ ತಗದು ಅರಿವಿಯೊಳಗ ಕಟ್ಟಿ ಮನಿಗೆ ಕಳಿಸಿದ್ದರು.

ನಾನು ನೋವು ಅಂತ ಅತ್ತಿಲ್ಲ. ಅತ್ತಿಯವರಿಗೆ ಯಾರು ಉಣಸ್ತಾರ ಅನ್ನೂದೊಂದೇ ಕೊರೀತಿತ್ತು. ಮೈದುನ ಬಂದು ತಲಿ ತಗ್ಗಿಸಿ ಕುಂತ.

"ಅವ್ವ ಏನೂ ತಿನವಲ್ಲಳ್ರಿ ವೈನಿ. ನೀರು ಸುದ್ದಾ ಕುಡೀವಲ್ಲಳು. ಡಾಕ್ಟರು ಹಿಂಗಾದ್ರ ಉಳಿಯೂದಿಲ್ಲ ಅಂದ್ರು."

"ನನ್ನ ಹೊತಗೊಂಡು ಹೋಗೋ ಮನಿಗೆ" ಅಂದೆ. ಬಿಡತಾರೇನು ದವಾಖಾನಿಯವರು?

ಮರುದಿನ ಬಂದ. ಮುಖ ಒಂಥರಾ ಇತ್ತು.

"ತಿಂದಳ್ರಿ. ಒಂದು ಬಟ್ಟಲ ಅನ್ನ."

"ಯಾರು ಉಣಿಸಿದರೋ?"

ಅವನು ಕಿಡಕಿ ಕಡೆ ನೋಡಿದ. "ನೀವೇ ಉಣಿಸಿದ್ರಿ, ವೈನಿ" ಅಂದವನೇ ಎದ್ದು ಹೋಗೇಬಿಟ್ಟ.

ಅಷ್ಟರಾಗ ಮ್ಯಾಲಿನ ಮನಿ ಹುಡುಗಿ ಫೋನ್ ಬಂತು. ಮೈಸೂರು ಕಡೆಯಾಕಿ, ಕಂಪ್ಯೂಟರ್ ಕೆಲಸ ಮಾಡತಾಳ.

"ಅಜ್ಜಿ, ಡಿಸ್ಚಾರ್ಜ್ ಆಗಿದ್ದು ಹೇಳಲೇ ಇಲ್ವಲ್ಲ? ಈಗ ಬಾಲ್ಕನೀಲಿ ನೋಡ್ದೆ ನಿಮ್ಮನ್ನ. ಸೀರೆ ಒಣಗಾಕ್ತಿದ್ರಿ. ನಾನು ಹಾಯ್ ಅಂದ್ರೆ ಬೈದ್ಬಿಟ್ರಿ!"

"ಏನಂತ ಬೈದೆ?"

"'ಗುಬ್ಬಿ ಹಂಗ ಯಾಕ ಕೂಗ್ತಿ, ಕೆಲಸ ಇಲ್ಲೇನು?' ಅಂತ."

ಮೈ ತಣ್ಣಗಾತು. ಅದು ನನ್ನದೇ ಬೈಗುಳ! ನಾನು ಸತ್ತೀನೇನು? ಸತ್ತು ಮನಿಗೆ ಹೋಗಿ, ಇಲ್ಲಿ ಬರೇ ದೇಹ ಮಲಗೇದೇನು? ಪರೀಕ್ಷಾ ಮಾಡಬೇಕಲ್ಲ! ಸಿಸ್ಟರ್‌ನ ಕರದೆ. "ಒಂದು ಚಹಾ ಕೊಡವಾ" ಅಂದೆ. "ಆಜಿ, ಶುಗರ್ ಹೈ ಆಪ್‌ಕೋ, ನಹಿ ಮಿಳಣಾರ್" ಅಂತ ಅರ್ಧ ಹಿಂದಿ, ಅರ್ಧ ಮರಾಠಿಯೊಳಗ ಗದರಿಸಿ ಹೋದಳು. ಸತ್ತವರಿಗೆ ಯಾರೂ ಸಕ್ಕರಿ ಕಾಯಿಲೆ ಅಂತ ಚಹಾ ಬ್ಯಾಡ ಅನ್ನೂದಿಲ್ಲ. ಜೀವ ಅದ ಅಂತ ಸಮಾಧಾನ ಆತು. ಆದರ ಹಂಗಾದರ ಮನಿಯೊಳಗ ಇರಾಕಿ ಯಾರು?

ಮುಂದ ಒಂದು ದಿನ ದವಾಖಾನಿಯಿಂದ ಮನಿಗೆ ಬಿಟ್ಟರು. ಮೈದುನ ನನ್ನ ಲಿಫ್ಟಿನಿಂದ ಇಳಿಸಿ, ಚೀಲಾ ತರಲಿಕ್ಕೆ ಮತ್ತ ಕೆಳಗ ಹೋದ. ನಾನು ವಾಕರ್ ಹಿಡಕೊಂಡು ಮೆಲ್ಲಕ ಬಾಗಿಲ ತನಕ ಹೋದೆ. ಬಾಗಿಲ ಅರ್ಧ ತೆರದಿತ್ತು. ಒಳಗಿಂದ ನನ್ನ ದನಿ ಕೇಳಿಸ್ತು.

"ಬಾಯಿ ತೆರೀತೀರೋ ಇಲ್ಲೋ ಅತ್ತಿ? ನನಗೇನು ಬ್ಯಾರೆ ಕೆಲಸ ಇಲ್ಲೇನು?"

ಇಣುಕಿದೆ. ನಾನು ನೆಲದ ಮ್ಯಾಲೆ ಕುಂತು ಅತ್ತಿಯವರಿಗೆ ಉಣಸ್ತಿದ್ದೆ. ನನ್ನ ಹಸರು ಸೀರಿ, ನನ್ನ ಬಳಿ, ಬೆಳ್ಳಗಾದ ನನ್ನ ಸಣ್ಣ ಕೂದಲ ಗಂಟು. ನನ್ನ ಬೆನ್ನು ನಾನು ಯಾವಾಗ ನೋಡಿದ್ದೆ? ಅಷ್ಟು ಬಾಗೇದ ಅಂತ ನನಗ ಗೊತ್ತೇ ಇರಲಿಲ್ಲ. ಸುಟ್ಟ ತಂಬಾಕಿನ ಪುಡಿಯಿಂದ ನಾನು ಹಲ್ಲು ತಿಕ್ಕತೀನಲ್ಲ, ಮಿಶ್ರಿ, ಅದರ ವಾಸನಿ ಸುದ್ದಾ ಬರತಿತ್ತು. ಅದರ ಡಬ್ಬಿ ಕಂಡರೇ ಮೂಗು ಮುಚ್ಚೋ ನನ್ನ ವಾರಗಿತ್ತಿ ಅದನ್ನ ಹಲ್ಲಿಗೆ ತಿಕ್ಕಿಕೊಂಡಿದ್ದಳು.

ಆಕಿ ತಿರುಗಿದಳು. ನನ್ನ ಮುಖ ನನ್ನ ನೋಡಿ ಬೆಚ್ಚಿಬಿತ್ತು!

ಅತ್ತಿಯವರು ಕಣ್ಣು ಕಿರಿದು ಮಾಡಿ ಬಾಗಿಲ ಕಡೆ ನೋಡಿದರು. "ಯಾರವಾ ಅದು ಬೋಳಾಂವ? ಭಿಕ್ಷಾದವನೇನು? ಹೊರಗ ಹಾಕು" ಅಂದರು.

ನನ್ನ ಮನಿಯೊಳಗ, ನನ್ನ ಅತ್ತಿ, ನನಗೇ ಹೇಳಿ ನನ್ನನ್ನ ಹೊರಗ ಹಾಕಸ್ತಾರ! ಯಾವ ಸೊಸಿಗೆ ಬಂದದ ಈ ಪಾಡು?

ನನಗ ಸಿಟ್ಟು ಬಂತು. "ತಗೀ ಎಲ್ಲಾ. ಸರಿ ಅತ್ತಾಗ" ಅಂದೆ. ಆಕಿ ಬಟ್ಟಲ ಇಟ್ಟು ಎದ್ದಳು. ನಾನು ಖುರ್ಚಿ ಮ್ಯಾಲೆ ಕುಂತು ತುತ್ತು ಕಲಸಿ ಅತ್ತಿಯವರ ಮುಂದ ಹಿಡದೆ. ಬೈದೆ. ದನಿ ನನ್ನದೇ ಖರೆ. ಆದರ ಆ ಮಬ್ಬುಗಣ್ಣಿಗೆ ಕಂಡದ್ದು ಬೋಳು ತಲಿ, ಬರಿ ಮೂಗು, ಬತ್ತಿದ ಗಲ್ಲ. ತುಟಿ ಬಿಗದು ಮುಚ್ಚಿದರು. ತುತ್ತು ಅಲ್ಲೇ ನಿಂತಿತು.

ವಾರಗಿತ್ತಿ ಬಂದು ನನ್ನ ರಟ್ಟಿ ಹಿಡದಳು. "ಒಳಗ ಬರ್ರಿ ಅಕ್ಕಾ. ನಿಮ್ಮನ್ನ ಮಾಡಿಕೊಡತೀನಿ" ಅಂದಳು.

ಕಪಾಟದ ಸಣ್ಣ ಕನ್ನಡಿ ಮುಂದ ಕುಂಡ್ರಿಸಿದಳು. ತನ್ನ ತಲಿ ಮ್ಯಾಲಿನ ಬಿಳಿ ಕೂದಲು ತಗದು ನನ್ನ ಹೊಲಿಗಿ ತಾಗದಂಗ ಮೆಲ್ಲಕ ತೊಡಿಸಿದಳು. "ಇದು ನಿಮ್ಮದೇರಿ. ಬೋಗಾಣಿಯಾಕಿಗೆ ಕೊಡು ಅಂತ ನೀವು ಕೊಟ್ಟದ್ದನ್ನ ನಾ ಕೊಟ್ಟಿದ್ದಿಲ್ಲ" ಅಂದಳು. ಹುಬ್ಬು ತಿದ್ದಿದಳು. ದವಾಖಾನಿ ತಿಂದುಹಾಕಿದ್ದ ಗಲ್ಲಕ್ಕ ನೆರಳು ಬೆಳಕು ಬರದು ತುಂಬಿದಳು. ಮೂಗುಬಟ್ಟು, ಬಳಿ ತೊಡಿಸಿ, ಹಲ್ಲಿಗೆ ತಿಕ್ಕಿಕೊಳ್ಳಲಿಕ್ಕೆ ಮಿಶ್ರಿ ಡಬ್ಬಿ ಕೈಗೆ ಕೊಟ್ಟಳು. ದೊಡ್ಡ ಕುಂಕುಮ ಇಟ್ಟಳು. ನನ್ನ ಗಂಡ ಹೋದಮ್ಯಾಲೂ ನಾನು ಕುಂಕುಮ ಬಿಟ್ಟಿಲ್ಲ, ಹೇಳಬಂದವರಿಗೆ ಬೈದು ಕಳಿಸೀನಿ. ಕನ್ನಡಿಯೊಳಗ ಆಕಿ ಮ್ಯಾಲಿನ ನಾನು ಕರಗಕೋತ, ನನ್ನ ಮ್ಯಾಲಿನ ನಾನು ಮೂಡಕೋತ ಬಂದೆವು. ನಡುವ ಒಂದು ಹೊತ್ತಿನಾಗ ಎರಡೂ ಅರ್ಧರ್ಧ ಇದ್ದವು. ಅದನ್ನ ನೋಡಲಾರದ ಕಣ್ಣು ಮುಚ್ಚಿದೆ.

ಕಣ್ಣು ತೆರದಾಗ ಆಕಿ ತನ್ನ ಕಿವಿ ಹಿಂದ ಕಾಡಿಗಿಲೆ ಇಟ್ಟ ಒಂದು ಚುಕ್ಕಿ ಕಂಡಿತು.

"ಅದೇನದು?"

"ನಿಮ್ಮ ಮಚ್ಚಿರಿ."

"ನನಗೆಲ್ಲಿ ಮಚ್ಚಿ ಅದ ಅಲ್ಲಿ?"

ಆಕಿ ನನ್ನ ಬೆರಳು ಹಿಡದು ನನ್ನ ಕಿವಿ ಹಿಂದ ಒಯ್ದಳು. ಸಾಸಿವಿಯಷ್ಟು ಉಬ್ಬು ಕೈಗೆ ಹತ್ತಿತು. ಇಷ್ಟು ವಯಸ್ಸಾಗೇದ ನನಗ, ಯಾರೂ ಹೇಳಿದ್ದಿಲ್ಲ.

ಹೊರಗ ಹೋಗಿ ತುತ್ತು ಹಿಡದೆ. ಅತ್ತಿಯವರು ಮುಖ ನೋಡಿದರು, ವಾಸನಿ ನೋಡಿದರು, ಬಾಯಿ ತೆರದರು. ನುಂಗಿದಮ್ಯಾಲೆ ಏನಂದರು ಗೊತ್ತದ ಏನು? "ಇವತ್ತ್ಯಾಕ ಕೈ ನಡಗ್ತಾವ ನಿನಗ? ನಿನ್ನೆ ಛಲೋ ಉಣಿಸಿದ್ದಿ" ಅಂದರು!

ಬಾಗಿಲ ಹಿಂದಿಂದ ಸೆರಗು ಬಾಯಿಗೆ ಒತ್ತಿಕೊಂಡ ಸಪ್ಪಳ ಬಂತು. ನಗೂದೋ ಅಳೂದೋ ನಾನು ಕೇಳಲಿಲ್ಲ.

ಈಗ ನಮ್ಮ ಮನಿಯೊಳಗ ನಾನು ಇಬ್ಬರಿದ್ದೀನಿ. ಕೈ ಇನ್ನೂ ಸೋಲತಾವ, ಅದಕ್ಕ ಮುಂಜಾನಿ ಆಕಿ ಉಣಸ್ತಾಳ, ಸಂಜಿಗೆ ನಾನು. ಅತ್ತಿಯವರು ಸ್ವಲ್ಪ ದಪ್ಪನೂ ಆಗ್ಯಾರ. ಮ್ಯಾಲಿನ ಹುಡುಗಿ ಮಾತ್ರ ಮೆಟ್ಟಲದಾಗ ಸಿಕ್ಕರ "ಅಜ್ಜಿ, ನೀವೇನಾ?" ಅಂತ ಕೇಳೇ ಮುಂದ ಬರತಾಳ. ನನ್ನ ಕೂದಲು ಇನ್ನೂ ಬಂದಿಲ್ಲ. ದಿನಾ ಸಂಜಿ ಆಕಿ ಮುಂದ ಮುಖ ಕೊಟ್ಟು ಕುಂಡ್ರತೀನಿ.

ಮೊನ್ನೆ ಸುಮ್ಮನ ಚೇಷ್ಟಿಗೆ ಕೇಳಿದೆ, "ಅಷ್ಟು ಮಂದಿ ನಟಿಯರನ್ನ ಮಾಡಿದಿಯಲ್ಲ, ಎಲ್ಲಾರಿಗಿಂತ ಕಠಿಣ ಯಾವಾಕಿ ಇದ್ದಳು?"

"ನೀವು" ಅಂದಳು.

"ಈ ಮುದಿ ಮುಖದಾಗ ಏನೇ ಕಠಿಣ?"

"ಅವರದ್ದೆಲ್ಲಾ ಫೋಟೋ ಅದಾವಲ್ರಿ ಅಕ್ಕಾ, ಮುಂದಿಟ್ಟುಕೊಂಡು ಮಾಡಬಹುದು. ನೀವು ದವಾಖಾನಿಗೆ ಹೋದಾಗ ಮನಿ ಪೂರಾ ಹುಡುಕಿದೆ. ನಿಮ್ಮದು ಒಂದೂ ಫೋಟೋ ಇದ್ದಿದ್ದಿಲ್ಲ. ಒಲಿ ಮುಂದ ನೀವು ಕುಂತಾಗ ದಿನಾ ನೋಡಿ ನೋಡಿ ನನ್ನ ತಲಿಯೊಳಗ ಇಟ್ಟುಕೊಂಡದ್ದು ಎಷ್ಟಿತ್ತೋ ಅಷ್ಟರಾಗೇ ಮಾಡಿದೆ."

"ಸ್ವಲ್ಪ ಗದ್ದ ಎತ್ರಿ" ಅಂದಳು. ಎತ್ತಿದೆ.