ಅರ್ಧ ಗಂಟೆಯ ಮಣ್ಣು

ಹೊಟ್ಟೆಯ ಮೇಲೆ ಅರ್ಧ ಗಂಟೆ ಇಟ್ಟುಕೊಂಡು ತೆಗೆಯಬೇಕಾಗಿದ್ದ ಮಣ್ಣಿನ ಪಟ್ಟಿಯನ್ನು ಅಂಚಮ್ಮ ಆ ದಿನ ಹೊತ್ತಿಗೆ ಸರಿಯಾಗಿ ತೆಗೆಯಲಿಲ್ಲ. ಆದದ್ದು ಇಷ್ಟೇ. ಇಷ್ಟಕ್ಕೇ ಸಂಜೆಯೊಳಗೆ ಒಂದು ಕಟ್ಟಡ, ಒಂದು ಅಂಗಡಿ, ಒಂದು ಚಿಕಿತ್ಸಾಲಯ ಮೂರೂ ತಲೆಕೆಳಗಾದವು.

ಅಂಚಮ್ಮ ಅವಳ ಹೆಸರಲ್ಲ. ಪರದೆ ಹೊಲಿಯುವ ಅಂಗಡಿಯೊಂದರಲ್ಲಿ ಅಂಚು ಮಡಚಿ ಹೊಲಿಯುವುದು ಅವಳ ಕೆಲಸ. ಅದಕ್ಕೆ ಅಂಗಡಿಯವರು ಇಟ್ಟ ಹೆಸರು. ಮದುವೆಯಾಗಿ ವರ್ಷಗಳು ಉರುಳಿದ್ದರೂ ಅವಳನ್ನು ಅಮ್ಮ ಎಂದು ಕರೆಯುವವರು ಇದ್ದದ್ದು ಆ ಅಂಗಡಿಯಲ್ಲಿ ಮಾತ್ರ, ಅದೂ ಅಂಚಿನ ಜೊತೆ ಸೇರಿಸಿ. ಅಷ್ಟಾದರೂ ಕಿವಿಗೆ ಬೀಳುತ್ತದಲ್ಲ ಎಂದು ಅವಳು ಬೇಡವೆನ್ನಲಿಲ್ಲ.

ಮಗು ಬೇಕು ಎಂದು ಅವಳೂ ಗಂಡನೂ ಹತ್ತದ ಆಸ್ಪತ್ರೆಯ ಮೆಟ್ಟಿಲಿಲ್ಲ. ಎಲ್ಲ ಕಡೆಯೂ ಒಂದೇ ಮಾತು: ಇಬ್ಬರಲ್ಲೂ ಏನೂ ದೋಷ ಕಾಣಿಸುತ್ತಿಲ್ಲ, ಕಾಯಿರಿ. ದೋಷ ಇದ್ದರೆ ಅದನ್ನಾದರೂ ಬೈದುಕೊಂಡು ಇರಬಹುದಿತ್ತು. ಕೊನೆಗೆ ಅವರು ಬಂದು ಬಿದ್ದದ್ದು ಪ್ರಕೃತಿ ಚಿಕಿತ್ಸೆಯ ಡಾಕ್ಟರಮ್ಮನ ಕೈಗೆ. ಅವರನ್ನು ಜನ ಕರೆಯುತ್ತಿದ್ದದ್ದು ಮಣ್ಣು ಡಾಕ್ಟರು ಎಂದು.

ಮಣ್ಣು ಡಾಕ್ಟರು ಕಾಫಿ ಬಿಡಿಸಿದರು. ಕರಿದದ್ದು ಬಿಡಿಸಿದರು. ಸಂಜೆಗೆ ಹಸಿ ತರಕಾರಿ ಅಂದರು. ಟಬ್ಬಿನಲ್ಲಿ ಸೊಂಟ ಮುಳುಗುವಷ್ಟು ತಣ್ಣೀರಿಟ್ಟುಕೊಂಡು ಕೂರಬೇಕು ಅಂದರು. ಫ್ರಿಜ್ಜಿನಲ್ಲಿಟ್ಟ ಜೇಡಿಮಣ್ಣನ್ನು ಬಟ್ಟೆಯಲ್ಲಿ ಸುತ್ತಿ ಬೆಳಗ್ಗೆ ಕಿಬ್ಬೊಟ್ಟೆಯ ಮೇಲೆ ಕಟ್ಟಿಕೊಳ್ಳಬೇಕು ಅಂದರು. "ಅರ್ಧ ಗಂಟೆ. ಅದಕ್ಕಿಂತ ಒಂದು ನಿಮಿಷ ಜಾಸ್ತಿ ಬೇಡ" ಎಂದು ಬೆರಳೆತ್ತಿ ಹೇಳಿದರು. ಅಂಚಮ್ಮ ಎಲ್ಲಕ್ಕೂ ಹೂಂ ಅಂದಳು. ಅವಳ ಕಣ್ಣಿದ್ದದ್ದು ಅವರ ಮೇಜಿನ ಮೇಲಿನ ಫೋಟೋದ ಮೇಲೆ. ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದ ಮಗು. ಡಾಕ್ಟರ ಬಿಳಿ ಕೋಟಿನೊಳಗೆ ಹೊಟ್ಟೆಯೂ ಸ್ವಲ್ಪ ಮುಂದೆ ಬಂದಿತ್ತು. ಹೆತ್ತ ಹೊಟ್ಟೆ, ಈಕೆಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ ಎಂದು ಅಂಚಮ್ಮನಿಗೆ ಧೈರ್ಯ ಬಂದದ್ದು ಅವತ್ತೇ.

ಅವಳ ಗಂಡ ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ಪಾಪ, ಅವನೂ ಹೆಂಡತಿಯ ಜೊತೆ ಸಂಜೆ ಕ್ಯಾರೆಟ್ಟು ಕಡಿಯುತ್ತಿದ್ದ. ಬೇಕರಿಯಲ್ಲಿ ಕದ್ದು ಏನು ತಿನ್ನುತ್ತಿದ್ದನೋ ಅವಳು ಕೇಳಲಿಲ್ಲ.

ಆ ದಿನ ಬೆಳಗ್ಗೆ ಗಂಡ ಬೇಕರಿಗೆ ಹೋದ ಮೇಲೆ ಅಂಚಮ್ಮ ಪಟ್ಟಿ ಕಟ್ಟಿಕೊಂಡು ಮಲಗಿದಳು. ತಂಪಿಗೋ ಏನೋ, ಕಣ್ಣು ಹತ್ತಿಬಿಟ್ಟಿತು. ಎಚ್ಚರವಾದದ್ದು ಬಾಗಿಲ ಬಡಿತಕ್ಕೆ. ಗಡಿಯಾರ ನೋಡಿದರೆ ಅರ್ಧ ಗಂಟೆ ದಾಟಿ ಎಷ್ಟೋ ಹೊತ್ತಾಗಿತ್ತು. ಪಟ್ಟಿಯ ಮೇಲೇ ದೊಗಲೆ ಅಂಗಿಯೊಂದನ್ನು ಎಳೆದುಕೊಂಡು ಬಾಗಿಲು ತೆರೆದರೆ ಎದುರಿಗೆ ಡಂಗುರದಕ್ಕ, ಕೈಯಲ್ಲಿ ಪೊರಕೆ.

ಡಂಗುರದಕ್ಕ ಕೆಳಗಿನ ಮನೆಯಾಕೆ. ಈ ಹೆಸರು ಯಾಕೆ ಬಂತೆಂದು ವಿವರಿಸುವ ಅಗತ್ಯವಿಲ್ಲ. ವರ್ಷಗಳಿಂದ ಅಂಚಮ್ಮನನ್ನು ಮೆಟ್ಟಿಲಲ್ಲಿ ಕಂಡಾಗಲೆಲ್ಲ "ಏನಾದ್ರೂ ವಿಶೇಷ ಉಂಟೇನೇ?" ಎಂದು ಕೇಳುತ್ತಿದ್ದವಳು. ಅವಳ ಕಣ್ಣು ತಪ್ಪಿಸಲೆಂದೇ ಅಂಚಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದದ್ದೂ ಉಂಟು.

"ಇವತ್ತು ಮೆಟ್ಟಿಲು ಗುಡಿಸೋ ಸರದಿ ನಿಂದು. ಮರೆತೆಯೇನು?" ಎಂದಳು ಡಂಗುರದಕ್ಕ.

ಅಂಚಮ್ಮ ಪೊರಕೆ ಇಸಿದುಕೊಂಡು ಬಗ್ಗಲು ನೋಡಿದಳು. ಬಗ್ಗಲು ಬರಲಿಲ್ಲ. ಒಣಗತೊಡಗಿದ್ದ ಮಣ್ಣು ಹಲಗೆಯ ಹಾಗೆ ಅಡ್ಡ ನಿಂತಿತ್ತು. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು "ಉಸ್ಸಪ್ಪಾ" ಎಂದಳು.

ಡಂಗುರದಕ್ಕನ ಕಣ್ಣು ಆ ಕೈಯ ಮೇಲೆ ನಿಂತಿತು. ಕೈಯ ಕೆಳಗಿನ ಉಬ್ಬಿನ ಮೇಲೆ ನಿಂತಿತು. ಆಮೇಲೆ ನಿಧಾನವಾಗಿ ಪೊರಕೆಯನ್ನು ವಾಪಸು ಕಿತ್ತುಕೊಂಡಳು.

"ಕೊಡಿಲ್ಲಿ. ಇಂಥ ಹೊತ್ತಲ್ಲಿ ಬಗ್ತಾರೇನೇ? ಎಷ್ಟು ದಿನದಿಂದ ಮುಚ್ಚಿಟ್ಟಿದ್ದೀಯ, ಕಳ್ಳಿ."

"ಅಕ್ಕಾ, ಅದು ಹಾಗಲ್ಲ..."

"ನಂಗೆ ಹೇಳ್ಕೊಡ್ಬೇಡ. ನಾಲ್ಕು ಹೆತ್ತಿದೀನಿ." ಡಂಗುರದಕ್ಕನ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಅಂಚಮ್ಮನ ತಲೆ ಸವರಿದಳು. "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ."

ಹೊಟ್ಟೆ ತಣ್ಣಗೇ ಇತ್ತು. ಫ್ರಿಜ್ಜಿನಿಂದ ತೆಗೆದ ಮಣ್ಣಲ್ಲವೇ. ಆದರೆ ಇಷ್ಟು ವರ್ಷ ಚುಚ್ಚಿದ ಬಾಯಿ ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅಂಚಮ್ಮ ಕೇಳಿದ್ದು ಇದೇ ಮೊದಲು. ಇದು ಮಣ್ಣು ಕಣಕ್ಕ ಎಂದು ಹೇಳುವುದಕ್ಕೆ ಬೇಕಾದ ಉಸಿರು ಹೊರಡಲಿಲ್ಲ. ಬಸ್ಸಿನ ಹೊತ್ತೂ ಆಗಿತ್ತು. ಅವಳು ಓಡಿದಳು. "ಓಡಬೇಡ್ವೇ" ಎಂಬ ಕೂಗು ಮೂರು ಅಂತಸ್ತಿನಲ್ಲೂ ಮೊಳಗಿತು. ಸುದ್ದಿಗೆ ಇನ್ನು ಬೇರೆ ಡಂಗುರ ಬೇಕಿರಲಿಲ್ಲ.

ಅಂಗಡಿಯಲ್ಲಿ ಯಜಮಾನರು ಉರಿಯುತ್ತಾ ನಿಂತಿದ್ದರು. ಹೋಟೆಲೊಂದಕ್ಕೆ ಬಿಳಿ ಪರದೆಗಳು ಅವತ್ತೇ ಹೋಗಬೇಕಿತ್ತು. ಬಯ್ಯಲು ಬಾಯಿ ತೆರೆದರು. ಅಷ್ಟರಲ್ಲಿ ಪರದೆಗೆ ಕೊಕ್ಕೆ ಹಾಕುವ ಕೊಕ್ಕೆಯಕ್ಕ ಅಂಚಮ್ಮನ ಹೊಟ್ಟೆಯ ಉಬ್ಬು ಕಂಡು ಅವರ ತೋಳು ಹಿಡಿದೆಳೆದು ಕಿವಿಯಲ್ಲಿ ಏನೋ ಉಸುರಿದಳು. ಯಜಮಾನರು ಅಂಚಮ್ಮನ ಹೊಟ್ಟೆಯ ಕಡೆ ನೋಡಿ, ನೋಡಿದ್ದಕ್ಕೆ ನಾಚಿ, ಮೇಲೆ ಮಾಡಿನ ಕಡೆ ನೋಡಿದರು.

"ಏಣಿ ಹತ್ತೋದು ಬೇಡ ಇನ್ಮೇಲೆ. ಬಟ್ಟೆ ಥಾನು ಎತ್ತೋದೂ ಬೇಡ" ಎಂದು ಗುಡುಗಿ, ತಮ್ಮ ಮೆತ್ತೆಯ ಕುರ್ಚಿಯನ್ನೇ ಎಳೆದು ಹೊಲಿಗೆ ಯಂತ್ರದ ಮುಂದೆ ಹಾಕಿಕೊಟ್ಟರು. ಆ ಕುರ್ಚಿಯಲ್ಲಿ ಅವರ ಹೆಂಡತಿಗೂ ಕೂರುವ ಭಾಗ್ಯ ಸಿಕ್ಕಿರಲಿಲ್ಲ.

"ಯಜಮಾನ್ರೇ, ನಿಜ ಏನಂದ್ರೆ..."

"ನಿಜ ಎಲ್ರಿಗೂ ಗೊತ್ತಾಗಿದೆ. ಸುಮ್ನೆ ಕೂತ್ಕೊಳಮ್ಮ" ಎಂದಳು ಕೊಕ್ಕೆಯಕ್ಕ. ಅಂಚಮ್ಮ ಅಲ್ಲ, ಬರೀ ಅಮ್ಮ. ಅಂಚಮ್ಮ ಕೂತಳು.

ಸ್ವಲ್ಪ ಹೊತ್ತಿಗೆ ಮಣ್ಣು ತನ್ನ ಬುದ್ಧಿ ತೋರಿಸಿತು. ಒಣಗಿ ಬಿರುಕು ಬಿಟ್ಟು, ಅಂಗಿಯ ಕೆಳಗಿನಿಂದ ಪುಡಿಪುಡಿಯಾಗಿ ಉದುರಿ, ಹೋಟೆಲಿನ ಬಿಳಿ ಪರದೆಯ ಮೇಲೆ ಕಂದು ಗೆರೆಯೊಂದನ್ನು ಎಳೆಯಿತು. ಬೇರೆ ದಿನವಾಗಿದ್ದರೆ ಯಜಮಾನರು ಅಂಗಡಿಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದರು. ಅವತ್ತು ಆ ಗೆರೆಯನ್ನು ದಿಟ್ಟಿಸಿ ನೋಡಿ, "ಹೋಗ್ಲಿ ಬಿಡು, ತೊಳೆದರಾಯ್ತು" ಎಂದರು. ಹೋದವರು ತುಂಡು ಬಟ್ಟೆಯೊಂದನ್ನು ಹಿಡಿದುಕೊಂಡು ಬಂದರು. ಹಳದಿ ಬಟ್ಟೆ, ಮೇಲೆಲ್ಲ ಪುಟ್ಟ ಬಾತುಕೋಳಿಗಳು. "ಉಳಿದಿತ್ತು. ಸಣ್ಣ ಕಿಟಕಿಗೆ ಸಾಕಾಗುತ್ತೆ. ಮುಂದಕ್ಕೆ ಬೇಕಾಗುತ್ತಲ್ಲ."

ಅಂಚಮ್ಮ ಆ ಬಟ್ಟೆಯನ್ನು ಬೇಡವೆನ್ನಬೇಕಿತ್ತು. ಕೈ ತಾನಾಗಿಯೇ ಅದರ ಅಂಚು ಮಡಚತೊಡಗಿತ್ತು.

ಕೊಕ್ಕೆಯಕ್ಕ ಪಕ್ಕಕ್ಕೆ ಸರಿದು ಕೂತಳು. "ಯಾವ ಡಾಕ್ಟರ ಹತ್ರ ತೋರಿಸ್ದೆ? ನನ್ನ ತಂಗಿ ಕೊರಗಿ ಕೊರಗಿ ಅರ್ಧ ಆಗಿದ್ದಾಳೆ ಕಣೇ. ನಿಂಗೆ ಕೈ ಮುಗೀತೀನಿ, ಹೇಳು."

ಮಣ್ಣು ಡಾಕ್ಟರ ಹೆಸರು ಅಂಚಮ್ಮನ ಬಾಯಿಂದ ಬಿದ್ದದ್ದೇ ತಡ, ಕೊಕ್ಕೆಯಕ್ಕನ ಕಿವಿಗೆ ಫೋನು ಅಂಟಿತು.

ಮಧ್ಯಾಹ್ನ ಅಂಚಮ್ಮ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಪಟ್ಟಿ ಬಿಚ್ಚಿ ಕಸದ ಬುಟ್ಟಿಗೆ ಹಾಕಿದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಗಂಟಿಗೆ ಕೈ ಹಾಕಿದಳು. ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನೋಡಿಕೊಂಡಳು. ಇಷ್ಟು ವರ್ಷ ರಾತ್ರಿ ಕಣ್ಣು ಮುಚ್ಚಿ ಕಲ್ಪಿಸಿಕೊಂಡ ಆಕಾರ ಎದುರಿಗೇ ನಿಂತಿತ್ತು. ಅವಳಿಗೆ ಅಳು ಬಂತು. ಬಿಚ್ಚುವ ಬದಲು ನಲ್ಲಿಯಿಂದ ಬೊಗಸೆ ನೀರು ಹಿಡಿದು ಮಣ್ಣಿಗೆ ಚಿಮುಕಿಸಿದಳು. ಉದುರದೆ ಇನ್ನೊಂದಿಷ್ಟು ಹೊತ್ತು ಇರಲಿ ಎಂದು.

ಹೊರಗೆ ಬಂದರೆ ಗಂಡ ನಿಂತಿದ್ದ. ಹುಬ್ಬಿನ ಮೇಲೆ ಹಿಟ್ಟು, ಕಾಲಲ್ಲಿ ಬೇರೆ ಬೇರೆ ಚಪ್ಪಲಿ. ಬ್ರೆಡ್ಡು ಕೊಳ್ಳಲು ಹೋದ ಡಂಗುರದಕ್ಕ ದುಡ್ಡಿನ ಜೊತೆ ಸುದ್ದಿಯನ್ನೂ ಕೊಟ್ಟಿದ್ದಳು.

"ನಂಗೂ ಹೇಳ್ಲಿಲ್ವಲ್ಲೇ ನೀನು" ಎಂದ. ಬಯ್ಯುತ್ತಿದ್ದಾನೋ ನಗುತ್ತಿದ್ದಾನೋ ಅವನಿಗೇ ತಿಳಿದಿರಲಿಲ್ಲ. ಕಣ್ಣೀರು ಹಿಟ್ಟಿನ ಮೇಲೆ ಹರಿದು ಕೆನ್ನೆಯಲ್ಲಿ ಅಂಟಾಗಿತ್ತು.

ಊರಿಗೆಲ್ಲ ಸುಳ್ಳು ಹೇಳಬಹುದು, ಈ ಮುಖಕ್ಕೆ ಹೇಳುವುದು ಹೇಗೆ? ಅಂಚಮ್ಮ ಅವನನ್ನು ಥಾನುಗಳ ಹಿಂದಕ್ಕೆ ಕರೆದುಕೊಂಡು ಹೋಗಿ, ಅವನ ಕೈಯನ್ನು ಹೊಟ್ಟೆಯ ಮೇಲಿಟ್ಟಳು.

ಅವನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದ. ದಿನವಿಡೀ ಹಿಟ್ಟು ನಾದುವ ಕೈ ಅದು, ಮೋಸ ಹೋಗುವುದಿಲ್ಲ.

"ಮಣ್ಣಾ?"

"ಮಣ್ಣು ಕಣ್ರೀ. ಹೇಳೋಕೆ ಹೋದೆ, ಯಾರೂ ಬಿಡ್ಲಿಲ್ಲ. ಆಮೇಲೆ ನಂಗೇ ಹೇಳೋಕೆ ಮನಸ್ಸಾಗ್ಲಿಲ್ಲ."

ಅವನು ಕೈ ತೆಗೆಯಲಿಲ್ಲ. ಗೋಡೆಯ ಕಡೆ ನೋಡಿದ. ಕೊನೆಗೆ, "ಹಾಗಾದ್ರೆ ಸಂಜೆಗೆ ಕ್ಯಾರೆಟ್ಟೇನಾ?" ಎಂದ. ಅಂಚಮ್ಮ ಅಳುತ್ತಲೇ ನಕ್ಕಳು. ಅವನು ಹೊರಗೆ ಬಂದಾಗ ಯಜಮಾನರು ಕೈ ಕುಲುಕಿದರು. ಕೊಕ್ಕೆಯಕ್ಕ ಹರಸಿದಳು. ಪುಣ್ಯಾತ್ಮ ಎಲ್ಲವನ್ನೂ ತಲೆ ತಗ್ಗಿಸಿ ಇಸಿದುಕೊಂಡು, ಮೂಗು ಒರೆಸಿಕೊಂಡು ಬೇಕರಿಗೆ ಹೋದ.

ಸಂಜೆ ಅಂಚಮ್ಮ ನೇರವಾಗಿ ಚಿಕಿತ್ಸಾಲಯಕ್ಕೆ ನಡೆದಳು. ಎಲ್ಲರ ಬಾಯಿ ಮುಚ್ಚಿಸಲು ಡಾಕ್ಟರೇ ಸರಿ, ಅವರ ಮುಂದೆ ತಪ್ಪೊಪ್ಪಿಕೊಂಡು ಅವರಿಂದಲೇ ಹೇಳಿಸಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಬಾಗಿಲು ದಾಟಿದರೆ ಕಾಲಿಡಲು ಜಾಗವಿಲ್ಲ. ಬೆಂಚು ತುಂಬ ಹೆಂಗಸರು, ಗೋಡೆಗೆ ಒರಗಿ ಹೆಂಗಸರು, ನಡುವೆ ಕೊಕ್ಕೆಯಕ್ಕ, ಅವಳ ಪಕ್ಕದಲ್ಲಿ ಕಣ್ಣು ಬತ್ತಿದ ತಂಗಿ.

"ಇವಳೇ" ಎಂದಳು ಕೊಕ್ಕೆಯಕ್ಕ. ಬೆಂಚಿಗೆ ಬೆಂಚೇ ಎದ್ದು ನಿಂತಿತು. ಆ ತಂಗಿ ಮಾತ್ರ ಹತ್ತಿರ ಬಂದು, ಅಂಚಮ್ಮನ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಮುಟ್ಟಿ ಹಿಂದಕ್ಕೆ ಸರಿದಳು. ಅಂಚಮ್ಮನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಅಷ್ಟರಲ್ಲಿ ಡಾಕ್ಟರು ಅವಳ ರಟ್ಟೆ ಹಿಡಿದು ಒಳಗೆಳೆದುಕೊಂಡು ಬಾಗಿಲ ಚಿಲಕ ಹಾಕಿದರು.

"ಡಾಕ್ಟರೇ, ತಪ್ಪಾಯ್ತು. ಜನ ಅಂದ್ಕೊಂಡಿರೋದು..."

ಡಾಕ್ಟರು ಕೇಳಿಸಿಕೊಳ್ಳಲಿಲ್ಲ. "ನಾನು ಹೇಳಿದ್ದು ಬಿಟ್ಟು ಇನ್ನೇನು ಮಾಡಿದ್ರಿ?" ಎಂದರು.

"ಏನೂ ಇಲ್ಲ."

"ಏನೋ ಮಾಡಿರ್ತೀರಿ. ಯೋಚನೆ ಮಾಡಿ ಹೇಳಿ. ಟಬ್ಬಿನ ನೀರು ಎಷ್ಟು ತಣ್ಣಗಿತ್ತು? ಕದ್ದು ಕಾಫಿ ಕುಡಿದ್ರಾ? ಕುಡಿದಿದ್ರೂ ಹೇಳಿ, ಬಯ್ಯಲ್ಲ. ಅದ್ರಿಂದ್ಲೇ ಫಲಿಸಿದ್ರೆ ನಾನೂ ಕುಡೀತೀನಿ."

"ನೀವ್ಯಾಕೆ ಕುಡೀಬೇಕು ಡಾಕ್ಟರೇ?"

ಡಾಕ್ಟರು ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಬಿಳಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಒಳಗೆ, ಕಿಬ್ಬೊಟ್ಟೆಯ ಮೇಲೆ, ಅದೇ ಬಟ್ಟೆ, ಅದೇ ಗಂಟು, ಅದೇ ಕಂದು ಮಣ್ಣು. ಹೆತ್ತ ಹೊಟ್ಟೆ ಎಂದು ಅಂಚಮ್ಮ ನಂಬಿದ್ದ ಹೊಟ್ಟೆ ಅದಾಗಿತ್ತು.

"ಈ ಚಿಕಿತ್ಸೆ ಶುರು ಮಾಡಿದ್ದೇ ನನಗೋಸ್ಕರ" ಎಂದರು ಡಾಕ್ಟರು. "ಬೇರೆಯವರು ಆಮೇಲೆ ಬಂದ್ರು. ಒಬ್ರಿಗೂ ಫಲಿಸಿರಲಿಲ್ಲ. ಇವತ್ತು ನಿಮ್ಮ ಸುದ್ದಿ ಬಂದಾಗ ನನಗೆ ಕೈಕಾಲೇ ಆಡಲಿಲ್ಲ."

ಅಂಚಮ್ಮ ಮೇಜಿನ ಮೇಲಿನ ಫೋಟೋ ನೋಡಿದಳು. "ಮತ್ತೆ ಆ ಮಗು?"

"ಫ್ರೇಮಿನ ಜೊತೆ ಬಂದದ್ದು. ಅಂಗಡಿಯವರು ಹಾಕಿಟ್ಟಿದ್ರು. ತೆಗೆಯೋಕೆ ಮನಸ್ಸು ಬರಲಿಲ್ಲ."

ಅಂಚಮ್ಮ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಮಾತು ಬೇಕಾಗಲೂ ಇಲ್ಲ. ಎರಡನೆಯ ಸಲ ಒಣಗಿದ್ದ ಮಣ್ಣು ಅದೇ ಹೊತ್ತಿಗೆ ಬಿರಿದು, ಸಡಿಲವಾಗಿದ್ದ ಪಟ್ಟಿಯಿಂದ ಜಾರಿ, ದೊಡ್ಡ ಹೆಂಟೆಯಾಗಿ ಇಬ್ಬರ ಕಾಲುಗಳ ನಡುವೆ ಬಿತ್ತು.

ಡಾಕ್ಟರು ಬಗ್ಗಿ ಒಂದು ಚೂರು ಎತ್ತಿಕೊಂಡು ಬೆರಳಲ್ಲಿ ಹೊಸಕಿದರು. ತಾವೇ ಜರಡಿ ಹಿಡಿದ ಮಣ್ಣು. ಗುರುತು ಹತ್ತಿತು. ಅಲ್ಲೇ ನೆಲದ ಮೇಲೆ ಕುಸಿದು ಕೂತರು.

"ಯಾವಾಗ ಕಟ್ಟಿದ್ದು?"

"ಬೆಳಗ್ಗೆ."

"ಅರ್ಧ ಗಂಟೆ ಅಂತ ಹೇಳಿದ್ದೆ."

"ನೀವು ಯಾವಾಗ ಕಟ್ಟಿದ್ದು?"

ಡಾಕ್ಟರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಅಂಚಮ್ಮ ಪಕ್ಕದಲ್ಲಿ ಕೂತು ನೋಡಿದರೆ ನಗುತ್ತಿದ್ದರು. ಇವಳಿಗೂ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದು ಇಬ್ಬರೂ ನಕ್ಕರು. ನಗು ಯಾವಾಗ ಅಳುವಾಯಿತೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

"ಒಳಗೆಲ್ಲ ಕ್ಷೇಮವಾ?" ಎಂದು ಹೊರಗಿನಿಂದ ಕೊಕ್ಕೆಯಕ್ಕ ಬಾಗಿಲು ತಟ್ಟಿದಳು.

ಡಾಕ್ಟರು ಕಣ್ಣೊರೆಸಿಕೊಂಡು ಎದ್ದರು. "ನಾನೇ ಹೇಳ್ತೀನಿ ಅವರಿಗೆ" ಎಂದು ಚಿಲಕಕ್ಕೆ ಕೈ ಹಾಕಿದರು. ಹಾಕಿದ ಕೈ ಹಾಗೇ ನಿಂತಿತು. ಬಾಗಿಲಾಚೆ ಯಾರೋ ಪಿಸುದನಿಯಲ್ಲಿ ಮಾತಾಡುತ್ತಿದ್ದರು, ಯಾರೋ ಬಹಳ ದಿನಗಳ ಮೇಲೆ ನಕ್ಕ ಹಾಗೆ ಸಣ್ಣಗೆ ನಕ್ಕರು. ಕೊಕ್ಕೆಯಕ್ಕನ ತಂಗಿಯೇ ಇರಬೇಕು. ಡಾಕ್ಟರು ಕೈ ಹಿಂದಕ್ಕೆ ತೆಗೆದರು.

"ನಾಳೆ ಬೆಳಗ್ಗೆ ಹೇಳೋಣ. ಇಬ್ಬರೂ ಸೇರಿ. ಇವತ್ತೊಂದು ಸಂಜೆ ಇರಲಿ."

ಫ್ರಿಜ್ಜಿನ ಬಾಗಿಲು ತೆರೆದು ಮಣ್ಣಿನ ಬೋಗುಣಿ ಹೊರತೆಗೆದರು. ಅಂಚಮ್ಮ ಅಂಗಿ ಎತ್ತಿ ಹಿಡಿದು ನಿಂತಳು. ತಣ್ಣಗಿನ ಮಣ್ಣು ಹೊಟ್ಟೆಗೆ ತಾಗಿ ಮೈ ಜುಮ್ಮೆಂದಿತು. ಮನೆಯ ಮೆಟ್ಟಿಲಲ್ಲಿ ಡಂಗುರದಕ್ಕ ಕಾಯುತ್ತಿರುತ್ತಾಳೆ, ಚೀಲದಲ್ಲಿ ಬಾತುಕೋಳಿಯ ಬಟ್ಟೆ ಇದೆ, ನಾಳೆ ಎಲ್ಲವನ್ನೂ ವಾಪಸು ಕೊಡಬೇಕು.

ಡಾಕ್ಟರು ಬಟ್ಟೆ ಸುತ್ತುತ್ತಾ ತಲೆ ಎತ್ತದೆ ಕೇಳಿದರು.

"ಈ ಸಲ ಸ್ವಲ್ಪ ದಪ್ಪಗೆ ಕಟ್ಟಲಾ?"

"ಕಟ್ಟಿ" ಎಂದಳು ಅಂಚಮ್ಮ. "ಆಮೇಲೆ ನಿಮಗೆ ನಾನು ಕಟ್ತೀನಿ."